ಬಿಟ್ಟ ಹನ್ನೊಂದು ಸಾಲು

ಗುಳಿಗೆಯ ಡಬ್ಬಿಯೊಳಗೆ ಮಡಚಿಟ್ಟ ತೆಳ್ಳನೆಯ ಚೀಟಿಯನ್ನು ಯಾರೂ ಓದುವುದಿಲ್ಲ ಎಂಬ ಭರವಸೆಯ ಮೇಲೆ ವೈದ್ಯಲೋಕ ಬಹಳ ವರ್ಷ ನೆಮ್ಮದಿಯಿಂದಿತ್ತು. ಗದಗಿನ ಗುರುಶಾಂತಪ್ಪ ಬಳಿಗಾರರು ಓದುತ್ತಿದ್ದರು. ಅದೂ ಎರಡು ಸಲ: ಒಮ್ಮೆ ಅಕ್ಷರಕ್ಕೆ, ಇನ್ನೊಮ್ಮೆ ಅರ್ಥಕ್ಕೆ.

ಅವರು ಅದೇ ಊರಿನ ಮುದ್ರಣಾಲಯವೊಂದರಲ್ಲಿ ನಲವತ್ತೊಂದು ವರ್ಷ ಪ್ರೂಫ್ ನೋಡಿದವರು. ಪಂಚಾಂಗ, ಪುರಾಣ, ಪಠ್ಯಪುಸ್ತಕ, ಲಗ್ನಪತ್ರಿಕೆ ಎಲ್ಲದರ ಮೇಲೂ ಅವರ ಕೆಂಪು ಪೆನ್ಸಿಲ್ಲು ಓಡಾಡಿತ್ತು. ನಿವೃತ್ತಿಯಾದ ಮೇಲೆ ಓದಲು ಕೊಡುವವರಿಲ್ಲದೆ, ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ತಿದ್ದಿಯೇ ಬುಟ್ಟಿಗೆ ಹಾಕುತ್ತಿದ್ದರು. ಒಂದು ಮುಂಜಾನೆ ಬಸ್ ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ಓದುತ್ತ ನಿಂತಿದ್ದಾಗ ಅವರ ಹೃದಯ ಲಯ ತಪ್ಪಿತು. ಬಿದ್ದರು. ಮತ್ತೊಮ್ಮೆ ಹೀಗಾದರೆ ಏಳುವ ಖಾತ್ರಿ ಇಲ್ಲ, ಇನ್ನು ಮುಂದೆ ದಿನವೂ ಗುಳಿಗೆ ನುಂಗಲೇಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು.

ಮೊದಲನೆಯ ಗುಳಿಗೆಯ ಚೀಟಿಯಲ್ಲಿ ‘ದೃಷ್ಟಿ ಮಸುಕಾಗಬಹುದು’ ಎಂದಿತ್ತು. ಸಂಜೆಯೊಳಗೆ ಮಸುಕಾಯಿತು. ಎರಡನೆಯದರ ಚೀಟಿಯಲ್ಲಿ ಕೆಮ್ಮು ಇತ್ತು. ಓಣಿಯವರೆಲ್ಲ ಬಂದು ವಿಚಾರಿಸುವಷ್ಟು ಕೆಮ್ಮಿದರು. ಮೂರನೆಯದರಲ್ಲಿ ‘ಕೆಟ್ಟ ಕನಸು’ ಎಂದಿತ್ತು. ಅಂದಿನಿಂದ ಒಂದೇ ಕನಸು: ಇಡೀ ಪಂಚಾಂಗ ಅಚ್ಚಾಗಿ, ಹೊಲಿಗೆಯಾಗಿ, ಅಂಗಡಿಗಳಿಗೆ ಹೋದ ಮೇಲೆ ಒಂದು ಏಕಾದಶಿ ಬಿಟ್ಟುಹೋಗಿರುವುದು ಗೊತ್ತಾಗುವುದು. ಮೂರೂ ಗುಳಿಗೆಗಳನ್ನು ಬಿಟ್ಟರು. ಪರೀಕ್ಷೆ ಮಾಡಿದರೆ ಕಣ್ಣು ನೆಟ್ಟಗಿತ್ತು, ಪುಪ್ಪುಸ ನೆಟ್ಟಗಿತ್ತು. ಹಾಗೆಂದು ಅವರು ಸುಳ್ಳು ಹೇಳುತ್ತಿರಲಿಲ್ಲ. ಬರುತ್ತದೆಂದು ಕಾದಿದ್ದಕ್ಕೆ ಬಂದ ಕೆಮ್ಮೂ ಕೆಮ್ಮೇ. ಎದೆ ಅಷ್ಟೇ ನೋಯುತ್ತದೆ.

ಇಂಥವರು ನಾಡಿನಲ್ಲಿ ಲಕ್ಷಗಟ್ಟಲೆ ಇದ್ದಾರೆಂದು ಲೆಕ್ಕ ಸಿಕ್ಕಿದ ಮೇಲೆಯೇ ಹೊಸ ಕಾಯ್ದೆ ಬಂದದ್ದು. ರೋಗಿಗೆ ತಿಳಿಯುವ ಹಕ್ಕಿದೆ, ತಿಳಿಯದೆ ಇರುವ ಹಕ್ಕೂ ಇದೆ ಎಂದಿತು ಕಾಯ್ದೆ. ರೋಗಿಯ ತಲೆಗೆ ಒಂದು ಪಟ್ಟಿ ಕಟ್ಟಿ, ಔಷಧಿಯ ಅಡ್ಡಪರಿಣಾಮಗಳನ್ನು ಒಂದೊಂದಾಗಿ ಓದಿ ಹೇಳುವುದು. ಯಾವ ಶಬ್ದ ಕಿವಿಗೆ ಬಿದ್ದೊಡನೆ ಮೈ ಅದಕ್ಕೆ ಆಗಲೇ ಸಿದ್ಧವಾಗಲು ಹೊರಡುತ್ತದೆಯೋ, ನಾಡಿ ಜಿಗಿದು ಅಂಗೈ ಬೆವರಿ ಮಿದುಳಿನಲ್ಲಿ ನೋವಿನ ಜಾಗ ಎಚ್ಚರಾಗುತ್ತದೆಯೋ, ಆ ಶಬ್ದವನ್ನು ಯಂತ್ರ ಗುರುತು ಹಾಕಿಕೊಳ್ಳುತ್ತದೆ. ನೂರಕ್ಕೆ ನಲವತ್ತು ದಾಟಿದ ಶಬ್ದಗಳನ್ನೆಲ್ಲ ಕೈಬಿಟ್ಟು ‘ಸೋಸಿದ ಚೀಟಿ’ಯನ್ನು ರೋಗಿಗೆ ಕೊಡುತ್ತಾರೆ. ಪೂರ್ತಿ ಚೀಟಿ ಹಳದಿ ಲಕೋಟೆಯಲ್ಲಿ ಮನೆಯ ನಂಬಿಕಸ್ಥರೊಬ್ಬರ ಕೈಸೇರುತ್ತದೆ. ಕಾಯ್ದೆಯಲ್ಲಿ ಅವರ ಹೆಸರು ‘ಬಲ್ಲವರು’. ಅವರು ಎಲ್ಲವನ್ನೂ ಓದಿಕೊಂಡು, ಏನನ್ನೂ ಬಾಯಿಬಿಡದೆ, ರೋಗಿಯ ಮೇಲೆ ಕಣ್ಣಿಟ್ಟು, ವಾರಕ್ಕೊಮ್ಮೆ ಆಸ್ಪತ್ರೆಗೆ ವರದಿ ಹೇಳಬೇಕು. ಯಂತ್ರಕ್ಕೆ ಕಾಯ್ದೆಯಲ್ಲಿ ಉದ್ದನೆಯ ಹೆಸರಿತ್ತು. ಗದಗಿನವರು ಅದನ್ನು ಅಂಜಿಕಿ ಮೀಟರು ಎಂದು ಕರೆದರು.

ಬಳಿಗಾರರನ್ನು ಆ ಮೀಟರಿನ ಮುಂದೆ ಕೂರಿಸಿದಾಗ ಮಧ್ಯಾಹ್ನ ಒಂದೂವರೆ ದಾಟಿತ್ತು. ರಕ್ತಪರೀಕ್ಷೆಗೆಂದು ಮುಂಜಾನೆಯಿಂದ ಉಪವಾಸ.

“ಇದು ಏನ್ ಮಾಡತೈತ್ರಿ?” ಎಂದು ತಲೆಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡರು.

“ಏನೂ ಮಾಡಂಗಿಲ್ರಿ ಕಾಕಾರ,” ಎಂದರು ಯಂತ್ರ ನಡೆಸುವ ಫೈರೋಜ್ ಮುಲ್ಲಾ. ಐವತ್ತರ ಆಸುಪಾಸಿನ, ಗಡಿಬಿಡಿ ಇಲ್ಲದ ಮನುಷ್ಯ. “ನಾ ಒಂದೊಂದ ಶಬ್ದ ಹೇಳತೀನಿ, ನೀವು ಸುಮ್ನ ಕೇಳ್ರಿ. ಮುಗದ ಮ್ಯಾಲೆ ಇದರಾಗಿಂದು ಒಂದೂ ನೆಪ್ಪ ಇರಂಗಿಲ್ಲ ಹಂಗ ನಡುನಡುವ ಬ್ಯಾರೆ ಶಬ್ದಾನೂ ಕಲಸಿರತಾರ. ತಲೀನೋವು, ಬದನಿಕಾಯಿ, ಪಂಚಾಯ್ತಿ, ಹಿಂಗ.”

“ಇದನ್ನ ಬರದವರು ಯಾರ್ರಿ?”

“ಗೊತ್ತಿಲ್ರಿ.”

“ಬರದವರ ಹೆಸರಿಲ್ಲದ ಕಾಗದಾ,” ಎಂದು ಬಳಿಗಾರರು ತಮ್ಮಷ್ಟಕ್ಕೇ ಹೇಳಿಕೊಂಡು ಕಣ್ಣು ಮುಚ್ಚಿದರು.

ಇನ್ನೂರು ಶಬ್ದಗಳ ನಡುವೆ ಅಡಗಿದ್ದ ಮೂವತ್ತು ಅಡ್ಡಪರಿಣಾಮಗಳಲ್ಲಿ ಹನ್ನೊಂದು ನಲವತ್ತನ್ನು ದಾಟಿದವು. ಕೊನೆಯದಂತೂ ಎಂಬತ್ತೆಂಟಕ್ಕೆ ಹೋಯಿತು. ವಿಭಾಗದ ಮುಖ್ಯಸ್ಥೆ ಡಾಕ್ಟರ್ ಶಾಲ್ಮಲಿ ಇನಾಮದಾರ ಪರದೆ ನೋಡಿ, “ಇವರು ಸುಲಭದ ಆಸಾಮಿ ಅಲ್ಲ,” ಎಂದರು.

ಬಲ್ಲವರಾಗಲು ಬಂದ ಹೆಂಡತಿ ಕಸ್ತೂರೆವ್ವನವರಿಗೂ ಅದೇ ಪರೀಕ್ಷೆ ನಡೆಯಿತು. ಅಂಜುವವರ ಕೈಗೆ ಪೂರ್ತಿ ಚೀಟಿ ಕೊಡುವಂತಿಲ್ಲ. ಅವರು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಎರಡು ಖಾನಾವಳಿಗಳಿಗೆ ಕಳಿಸುತ್ತಿದ್ದ ಹೆಂಗಸು. ಫೈರೋಜ್ ಮೂವತ್ತನ್ನೂ ಓದಿದರು. ಪರದೆಯ ಮೇಲಿನ ಗೆರೆ ಗೋಡೆಯ ಗಿಲಾವಿನಂತೆ ಸಪಾಟಾಗಿಯೇ ಇತ್ತು.

“ವಾಯರ್ ಬಿಚ್ಚೈತೇನೋ,” ಎಂದು ಫೈರೋಜ್ ಯಂತ್ರದ ಹಿಂದೆ ಬಗ್ಗಿದರು.

“ಮುಗೀತೇನ್ರಿ? ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೀನಿ. ಬಾಜೂಕಿನಾಕಿ ಇಳಿಸಿದಳೋ ಇಲ್ಲೋ,” ಎಂದರು ಕಸ್ತೂರೆವ್ವ.

ಗೆರೆ ಎಂಬತ್ತಕ್ಕೆ ಜಿಗಿಯಿತು.

“ವಾಯರ್ ಛಲೋ ಐತ್ರಿ ಅಕ್ಕಾರ,” ಎಂದರು ಫೈರೋಜ್.

ಹೀಗೆ ನಾಲ್ಕನೆಯ ಗುಳಿಗೆ, ಸೋಸಿದ ಚೀಟಿ, ಹಳದಿ ಲಕೋಟೆ ಮೂರೂ ಬಳಿಗಾರರ ಮನೆಗೆ ಬಂದವು. ಗುಳಿಗೆಗಳು ಇದ್ದದ್ದು ಆಸ್ಪತ್ರೆಯ ಗಣಕಕ್ಕೆ ಜೋಡಿಸಿದ ಒಂದು ಪೆಟ್ಟಿಗೆಯಲ್ಲಿ. ದಿನಾ ಮುಂಜಾನೆ ಎಂಟಕ್ಕೆ ಹಸಿರು ದೀಪ ಹತ್ತಿ ಒಂದು ಗುಳಿಗೆ ಉರುಳಿ ಬೀಳುತ್ತಿತ್ತು. ಕಸ್ತೂರೆವ್ವ ಲಕೋಟೆಯನ್ನು ಓದಿ ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಹುಗಿದಿಟ್ಟರು. ಆ ಮನೆಯಲ್ಲಿ ಓದಲು ಏನೂ ಇಲ್ಲದ ಜಾಗ ಅದೊಂದೇ. ಗಂಡ ಅಲ್ಲಿಗೆ ಕೈಹಾಕುವ ಸಂಭವವಿರಲಿಲ್ಲ.

ಬಳಿಗಾರರು ಸೋಸಿದ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದರು. ಮೂರು, ನಾಲ್ಕು, ಆರು.

ನಿಲ್ಲಿಸಿದರು. ಮತ್ತೆ ಮೇಲಿನಿಂದ ಬಂದರು. ನಾಲ್ಕು, ಕಣ್ಣುರಿ. ಆರು, ಕೈನಡುಕ.

ಐದು ಎಲ್ಲಿ?

ಐದು ಇರಲಿಲ್ಲ. ಬಿಟ್ಟದ್ದನ್ನು ಬಿಟ್ಟು ಉಳಿದದ್ದಕ್ಕೆ ಹೊಸದಾಗಿ ಅಂಕಿ ಕೊಡಬಾರದು ಎಂದು ಕಾಯ್ದೆಯಲ್ಲೇ ಇತ್ತು. ಏನನ್ನು ಬಿಟ್ಟಿದ್ದೇವೆ ಎಂಬುದನ್ನು ಮುಚ್ಚಿಡಬಹುದು, ಬಿಟ್ಟಿದ್ದೇವೆ ಎಂಬುದನ್ನೇ ಮುಚ್ಚಿಡಬಾರದು ಎನ್ನುವುದು ಅದನ್ನು ಬರೆದ ವಕೀಲರ ಪ್ರಾಮಾಣಿಕತೆ. ಮೂರು ವರ್ಷದಲ್ಲಿ ಒಬ್ಬ ರೋಗಿಯೂ ಅದನ್ನು ಗಮನಿಸಿರಲಿಲ್ಲ. ಯಾದಿಯ ಅಂಕಿಗಳನ್ನು ಯಾರು ಓದುತ್ತಾರೆ?

ಬಳಿಗಾರರಿಗೆ ಅಂದು ಮಧ್ಯಾಹ್ನದ ನಿದ್ದೆ ಬರಲಿಲ್ಲ. ಆದರೆ ಬಹಳ ದಿನಗಳ ಮೇಲೆ ಮುಖದಲ್ಲಿ ಒಂದು ಕಳೆ ಬಂದಿತ್ತು. ಯಾದಿ ಅಕಾರಾದಿಯಲ್ಲಿತ್ತು. ಹಾಗಾದರೆ ಐದನೆಯದು ‘ಕಣ್ಣುರಿ’ಗೂ ‘ಕೈನಡುಕ’ಕ್ಕೂ ನಡುವೆಯೇ ಬರಬೇಕು. ನಿಘಂಟು ಇಳಿಸಿಕೊಂಡರು. ಬಿಟ್ಟದ್ದನ್ನು ಸೇರಿಸುವ ಕೊಕ್ಕೆ ಗುರುತು ಹಾಕಿ, ಕೆಂಪು ಪೆನ್ಸಿಲ್ಲಿನಲ್ಲಿ ‘ಕಿವಿಯಲ್ಲಿ ಗುಂಯ್ ಶಬ್ದ’ ಎಂದು ಬರೆದರು. ಪಕ್ಕದಲ್ಲಿ ಸಹಿ, ತಾರೀಖು. ಕಸುಬಿನ ರೂಢಿ, ತಾರೀಖಿಲ್ಲದೆ ಏನನ್ನೂ ಸೇರಿಸುವಂತಿಲ್ಲ. ‘ತಲೆನೋವು’ ಮತ್ತು ‘ನಿದ್ದೆ ಕೆಡುವುದು’ ಇವುಗಳ ನಡುವೆ ಎರಡು ಕಾಣೆಯಾಗಿದ್ದವು. ‘ತಲೆಸುತ್ತು’, ‘ದೃಷ್ಟಿ ಮಸುಕು’. ‘ಬಾಯಿ ಒಣಗುವುದು’ ಆದ ಮೇಲೆ, ‘ಮಲಬದ್ಧತೆ’ಗೆ ಮೊದಲು, ‘ಬೆರಳು ಜೋಮು’. ದಿನಕ್ಕೊಂದು, ಎರಡು ಹೀಗೆ ಒಂದು ವಾರ ಈ ಕೆಲಸ ನಡೆಯಿತು.

ಕೊನೆಗೆ ಉಳಿದದ್ದು ಮೂವತ್ತನೆಯದು. ಇಪ್ಪತ್ತೊಂಬತ್ತು ‘ಸುಸ್ತು’. ಕೆಳಗೆ ‘ಒಟ್ಟು: ೩೦’ ಎಂದು ಅಚ್ಚಾಗಿತ್ತು. ಸುಸ್ತಾದ ಮೇಲೆ, ಅಕ್ಷರಮಾಲೆ ಮುಗಿಯುವುದರೊಳಗೆ ಮನುಷ್ಯನಿಗೆ ಏನಾಗಬಹುದು? ಬಳಿಗಾರರು ಒಂದು ದಿನವೆಲ್ಲ ಯೋಚಿಸಿದರು. ಆಮೇಲೆ ‘ಹಠಾತ್ ಮರಣ’ ಎಂದು ಬರೆದರು. ಸಹಿ, ತಾರೀಖು. ಚೀಟಿಯನ್ನು ನಿಘಂಟಿನೊಳಗೆ ಇಟ್ಟುಬಿಟ್ಟರು.

ಆಸ್ಪತ್ರೆಯ ಮೂರನೆಯ ಮಹಡಿಯ ನಿಯಂತ್ರಣ ಕೋಣೆಯಲ್ಲಿ ಎರಡು ಸಾವಿರ ಮನೆಗಳ ಪೆಟ್ಟಿಗೆಗಳು ಎರಡು ಸಾವಿರ ಹಸಿರು ಚುಕ್ಕೆಗಳಾಗಿ ಹೊಳೆಯುತ್ತಿದ್ದವು. ಡಾಕ್ಟರ್ ಶಾಲ್ಮಲಿಗೆ ಅದನ್ನು ನೋಡುತ್ತ ಚಹಾ ಕುಡಿಯುವುದೆಂದರೆ ಇಷ್ಟ. ಅಲ್ಲಿನ ಮುಖ್ಯ ನಿಯಮವನ್ನು ಬರೆದವರು ಅವರೇ. ಹೇಳಿದ ಲಕ್ಷಣ ಬಂದರೆ ಅದು ಔಷಧಿಯಿಂದಲೋ ಅಂಜಿಕೆಯಿಂದಲೋ ಹೇಳಲಾಗದು. ಆದರೆ ಹೇಳದೆ ಇದ್ದ ಲಕ್ಷಣ ಬಂದರೆ? ಗೊತ್ತೇ ಇಲ್ಲದ್ದಕ್ಕೆ ಮೈ ಕಾಯಲಾರದು. ಆದ್ದರಿಂದ ಅದು ‘ಅಸಲು’. ಮೂರು ಅಸಲು ಲಕ್ಷಣ ಕಂಡರೆ ಆ ಔಷಧಿ ಆ ರೋಗಿಗೆ ಒಗ್ಗದು. ಪೆಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹದಿಮೂರನೆಯ ದಿನ ಬಳಿಗಾರರು ದೂರವಾಣಿಯಲ್ಲಿ, ಸಂಪಾದಕರಿಗೆ ಪತ್ರ ಓದಿದಂತೆ, ಎರಡೂ ಕಿವಿಗಳಲ್ಲಿ ಗುಂಯ್ ಎನ್ನುತ್ತಿದೆ ಎಂದು ವರದಿ ಮಾಡಿದರು. ಹದಿನೇಳನೆಯ ದಿನ ದೃಷ್ಟಿ ಮಸುಕು. ಇಪ್ಪತ್ತೊಂದನೆಯ ದಿನ, ಸೋಮವಾರ, ಬಲಗೈ ಬೆರಳು ಜೋಮು ಹಿಡಿದು ಕೆಂಪು ಪೆನ್ಸಿಲ್ಲು ಜಾರಿಬಿತ್ತು. ತಲೆಸುತ್ತು ಇನ್ನೂ ಸರದಿಯಲ್ಲಿತ್ತು.

“ಮೂರೂ ಅಸಲು. ಬರೇ ಅಸಲಲ್ಲ, ಪೂರ್ತಿ ಯಾದಿಯೊಳಗೂ ಇಲ್ಲ!” ಎಂದರು ಶಾಲ್ಮಲಿ. “ಈ ಗುಳಿಗಿಯಿಂದ ಯಾರಿಗೂ ಕಿವಿ ಗುಂಯ್ ಅಂದದ್ದು ವರದಿ ಆಗಿಲ್ಲ. ಹೊಸಾ ಪರಿಣಾಮ ಅದ ಇದು.”

ಮೇಲಿನ ಕಚೇರಿಗೆ ಸುದ್ದಿ ಹೋಯಿತು. ಅಲ್ಲಿಂದ ಅಭಿನಂದನೆ ಬಂತು. ಮಂಗಳವಾರ ಮುಂಜಾನೆ ಎಂಟಕ್ಕೆ ಪರದೆಯ ಮೇಲಿನ ಒಂದು ಹಸಿರು ಚುಕ್ಕೆ ಕೆಂಪಾಯಿತು.

ಮನೆಯಲ್ಲಿ ಪೆಟ್ಟಿಗೆ ಕಟಕ್ ಎಂದು ಮುಚ್ಚಿಕೊಂಡದ್ದನ್ನು ಕಸ್ತೂರೆವ್ವ ನೋಡಿದರು. ಫೈರೋಜರಿಗೆ ಫೋನು ಹಚ್ಚಿದರು.

“ನಂಗೂ ಈಗ ಗೊತ್ತಾತ್ರಿ ಅಕ್ಕಾರ,” ಎಂದರು ಫೈರೋಜ್. “ಇದಕ್ಕ ಬದಲಿ ಗುಳಿಗಿ ಇಲ್ರಿ. ಇದ್ದ ಮೂರನ್ನೂ ಕಾಕಾರು ಬಿಟ್ಟಾರ. ಹಳೇದರ ಅಂಶ ಮೈಯಾಗ ಮೂರು ದಿನಾ ಇರತೈತಿ. ಶುಕ್ರವಾರ ತನಕ ಚಿಂತಿ ಇಲ್ಲ. ಆಮ್ಯಾಲೆ…”

“ಆಮ್ಯಾಲೆ ಏನ್ರಿ?”

“ಆಮ್ಯಾಲೆ ನೋಡೂಣ್ರಿ.”

ಕಸ್ತೂರೆವ್ವ ಫೋನು ಇಟ್ಟರು. ಮೂವತ್ತು ಶಬ್ದಗಳಿಗೆ ಸಪಾಟಾಗಿದ್ದ ಅವರ ಗೆರೆ, ಆ ಅರ್ಧಕ್ಕೆ ನಿಂತ ಮಾತಿಗೆ ಎಲ್ಲಿಗೆ ಹೋಯಿತೆಂದು ಅಳೆಯಲು ಅಲ್ಲಿ ಯಂತ್ರ ಇರಲಿಲ್ಲ.

ನಾಡಿ ನೋಡುವುದನ್ನು ಅವರಿಗೆ ಆಸ್ಪತ್ರೆಯಲ್ಲಿ ಕಲಿಸಿದ್ದರು. ಗಡಿಯಾರ ಹಿಡಿದು ಎಣಿಸುವುದು ಅವರಿಗೆ ಒಗ್ಗಲಿಲ್ಲ. ಅವರ ತಾಳ ಬೇರೆ: ರೊಟ್ಟಿ ಬಡಿಯುವ ಕೈಯ ತಾಳ, ನಲವತ್ತು ವರ್ಷದಲ್ಲಿ ಒಂದು ಪೆಟ್ಟೂ ಆಚೀಚೆ ಆಗದ್ದು. ಗಂಡನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯಿಂದ ತೊಡೆಯ ಮೇಲೆ ಆ ತಾಳ ಹಾಕಿ ನೋಡುತ್ತಿದ್ದರು. ಮೂರು ವಾರ ಎರಡೂ ಕೂಡಿಯೇ ನಡೆದಿದ್ದವು. ಬುಧವಾರ ಮುಂಜಾನೆ ನಾಡಿ ಒಂದು ಪೆಟ್ಟು ನುಂಗಿತು. ತುಸು ಹೊತ್ತಿಗೆ ಇನ್ನೊಂದು.

ಬಳಿಗಾರರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಪಾಟಿನ ಕೀಲಿಗೊಂಚಲನ್ನು ಹೆಂಡತಿಯ ಮುಂದಿಟ್ಟು, ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕುಳಿತರು. ಹತ್ತು ಹನ್ನೆರಡು ದಿನಗಳಿಂದ ಮುಂಜಾನೆ ನಡೆದಿದ್ದ ಕ್ರಮ ಇದು. ಒಂದು ತಾಸು ಹಾಗೆ ಕುಳಿತು, ಏನೂ ಆಗದಿದ್ದುದನ್ನು ಖಚಿತ ಮಾಡಿಕೊಂಡು ಎದ್ದು ಬಂದು, ಆರು ರೊಟ್ಟಿ ತಿನ್ನುತ್ತಿದ್ದರು.

ಕಸ್ತೂರೆವ್ವ ಇಷ್ಟು ದಿನ ಕೇಳಿರಲಿಲ್ಲ. ಬಲ್ಲವರು ಕೆದಕಿ ಕೇಳಬಾರದು, ಕೇಳಿದರೆ ರೋಗಿಗೆ ಸುಳಿವು ಸಿಗುತ್ತದೆ ಎಂದು ಹೇಳಿಕೊಟ್ಟಿದ್ದರು. ಅಂದು ಕೇಳಿದರು.

“ದಿನಾ ಕೀಲಿ ಕೊಟ್ಟು ಬಾಗಲಾ ನೋಡಕೋತ ಕೂಡತೀರಿ. ಯಾರ್ ಬರೋರದಾರ?”

“ಮೂವತ್ತು.”

“ಯಾವ ಮೂವತ್ತು?”

“ನಿನಗ ಗೊತ್ತೈತಿ. ನೀ ಬಲ್ಲಾಕಿ. ಬಾಯಿ ಬಿಡಂಗಿಲ್ಲ, ಬಿಡಬ್ಯಾಡ. ಆದ್ರ ನಾ ಕಂಡು ಹಿಡದೀನಿ,” ಎಂದರು ಬಳಿಗಾರರು. ದನಿಯಲ್ಲಿ ಅಂಜಿಕೆಯ ಜೊತೆಗೆ ಸಣ್ಣ ಹೆಮ್ಮೆಯೂ ಇತ್ತು. “ನಿಘಂಟಿನಾಗ ಐತಿ, ತಗದು ನೋಡು.”

ಕಸ್ತೂರೆವ್ವ ಚೀಟಿ ತೆಗೆದು ನೋಡಿದರು. ಹನ್ನೊಂದು ಕೊಕ್ಕೆ, ಹನ್ನೊಂದು ಕೆಂಪು ಸಾಲು, ಹನ್ನೊಂದು ಸಹಿ. ಒಳಗೆ ಹೋಗಿ, ಹಿಟ್ಟಿನ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ, ಹಳದಿ ಲಕೋಟೆ ಎತ್ತಿದರು. ಒಲೆಯ ಕಟ್ಟೆಯ ಮೇಲೆ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡುತ್ತ ಬಂದರು. ಐದು, ಹದಿಮೂರು, ಹದಿನಾಲ್ಕು. ಒಂದೂ ಕೂಡಲಿಲ್ಲ. ಮೂವತ್ತಕ್ಕೆ ಬಂದಾಗ ಗಟ್ಟಿಯಾಗಿ ನಕ್ಕುಬಿಟ್ಟರು.

ಹೊರಗಿನಿಂದ ದನಿ ಬಂತು: “ಯಾಕ ನಗತಿ?”

“ಹೇಳಂಗಿಲ್ಲ. ದವಾಖಾನಿಯವರಿಗೆ ಬರದು ಕೊಟ್ಟೀನಿ.” ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಬಂದರು. “ಏಳ್ರಿ, ಉಣ್ರಿ ಮೊದಲ. ಆಮ್ಯಾಲೆ ಅಂಗಿ ಹಾಕ್ಕೊರಿ. ದವಾಖಾನಿಗೆ ಹೋಗೋದೈತಿ.”

ಬಳಿಗಾರರು ಆರು ರೊಟ್ಟಿ ಉಂಡು ಅಂಗಿ ಹಾಕಿಕೊಂಡರು.

ಡಾಕ್ಟರ್ ಶಾಲ್ಮಲಿ ಮೇಜಿನ ಮೇಲಿನ ಚೀಟಿಯನ್ನು ನೋಡಿದರು. ಆಮೇಲೆ ಪರದೆಯನ್ನು ನೋಡಿದರು. ಕಿವಿ: ಪೆನ್ಸಿಲ್ಲಿನ ತಾರೀಖು ಮೂರು, ಲಕ್ಷಣದ ತಾರೀಖು ಹದಿಮೂರು. ಕಣ್ಣು: ಐದು, ಹದಿನೇಳು. ಬೆರಳು: ಎಂಟು, ಇಪ್ಪತ್ತೊಂದು. ಮೂರೂ ಬರೆದ ಮೇಲೆಯೇ ಬಂದಿದ್ದವು. ಅವರು ಕುರ್ಚಿಗೆ ಒರಗಿದರು. ಅಭಿನಂದನೆಯ ಪತ್ರ ಇನ್ನೂ ಪರದೆಯ ಮೂಲೆಯಲ್ಲೇ ಇತ್ತು.

“ಬಳಿಗಾರ್ ಸರ್, ಇದನ್ನ ನಮಗ ಯಾಕ ಹೇಳಲಿಲ್ಲ?”

“ನೀವು ‘ಏನಾಗ್ತದ’ ಅಂತ ಕೇಳಿದ್ರಿ, ಹೇಳಿದೆ. ‘ಏನ್ ಓದಿದ್ರಿ’ ಅಂತ ಕೇಳಲೇ ಇಲ್ಲ.” ಬಳಿಗಾರರು ಗಂಟಲು ಸರಿಮಾಡಿಕೊಂಡರು. “ಸಂದೇಹ ಬಂದ್ರ ಬರದವರನ್ನ ಕೇಳಬೇಕು. ಈ ಕಾಗದಕ್ಕ ಬರದವರ ಹೆಸರೇ ಇಲ್ಲ.”

“ಬಾಯಾರ, ಪೂರಾ ಚೀಟಿ ಇವರಿಗೆ ತೋರಸಿಬಿಡ್ರಿ,” ಎಂದರು ಕಸ್ತೂರೆವ್ವ.

“ಹ್ಯಾಂಗ ತೋರಸಲಿ ಅಕ್ಕಾರ? ಅವರು ಬರದದ್ದಕ್ಕ ಇಷ್ಟಾತು. ಅಸಲಿ ಹನ್ನೊಂದು ಗೊತ್ತಾದ್ರ ಅವೂ ಬರ್ತಾವ. ಅವತ್ತ ಮೈ ಹ್ಯಾಂಗ ಹಾರಿತ್ತು ನೀವ ನೋಡೀರಲ್ಲ.”

“ಅವತ್ತ ನೀವು ಶಬ್ದ ಹೇಳಿ ನೋಡಿದ್ರಿ.” ಕಸ್ತೂರೆವ್ವ ಮಡಿಲಲ್ಲಿದ್ದ ಲಕೋಟೆಯ ಮೇಲಿನ ಹಿಟ್ಟು ಝಾಡಿಸಿದರು. “ಹೇಳದ ಬಿಟ್ಟು ನೋಡಿದ್ರೇನು?”

ಶಾಲ್ಮಲಿ ಮತ್ತು ಫೈರೋಜ್ ಒಬ್ಬರ ಮುಖ ಒಬ್ಬರು ನೋಡಿದರು. ಮೂರು ವರ್ಷದಲ್ಲಿ ಎಂಟು ಸಾವಿರ ಜನರ ತಲೆಗೆ ಪಟ್ಟಿ ಕಟ್ಟಿದ್ದರು. ಮೌನವನ್ನು ಯಾರ ಕಿವಿಗೂ ಓದಿ ಹೇಳಿರಲಿಲ್ಲ. ಅದು ಯಾದಿಯಲ್ಲೇ ಇರಲಿಲ್ಲ.

“ಕಟ್ಟರಿ,” ಎಂದರು ಶಾಲ್ಮಲಿ.

ಫೈರೋಜ್ ಈ ಸಲ ಬದನೆಕಾಯಿ, ಪಂಚಾಯಿತಿ ಏನನ್ನೂ ಬೆರೆಸಲಿಲ್ಲ. ಸೋಸಿದ ಚೀಟಿಯನ್ನೇ ಅಂಕಿ ಸಮೇತ ಓದಿದರು. “ಮೂರು, ಎದಿಯುರಿ.” ಗೆರೆ ಹದಿನೈದು. “ನಾಕು, ಕಣ್ಣುರಿ.” ಇಪ್ಪತ್ತು.

“ಐದು.”

ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ಕೋಣೆಯಲ್ಲಿ ಪಂಖದ ಸದ್ದು ಮಾತ್ರ. ಗೆರೆ ನಲವತ್ತು ದಾಟಿತು, ಅರವತ್ತು ದಾಟಿತು. ಬಳಿಗಾರರ ಕೈ ತನ್ನಷ್ಟಕ್ಕೇ ಕಿವಿಗೆ ಹೋಯಿತು. ತೊಂಬತ್ತೇಳು.

“ಪರದೆ ಸಾಲವಲ್ದ್ರಿ ಬಾಯಾರ,” ಎಂದು ಫೈರೋಜ್ ಪಿಸುಗುಟ್ಟಿದರು.

ಶಾಲ್ಮಲಿ ಹಳೆಯ ದಾಖಲೆ ತೆಗೆದರು. ಐದನೆಯದನ್ನು ಅಂದು ಹೆಸರು ಹಿಡಿದು ಹೇಳಿದಾಗ ಬಂದದ್ದು ನಲವತ್ತಮೂರು. ಹೆಸರು ಕಿತ್ತುಹಾಕಿದ ಮೇಲೆ ತೊಂಬತ್ತೇಳು. ಅವರು ಆ ಎರಡು ಅಂಕಿಗಳನ್ನು, ಬೇರೆ ಯಾರೋ ತಮ್ಮ ಅಂಗಳದಲ್ಲಿ ಬಿಟ್ಟುಹೋದ ಚಪ್ಪಲಿಗಳಂತೆ ಬಹಳ ಹೊತ್ತು ನೋಡಿದರು. “ಪೂರ್ತಿ ಓದ್ರಿ,” ಎಂದರು ಕೊನೆಗೆ.

ಕಸ್ತೂರೆವ್ವ ಲಕೋಟೆಯನ್ನು ಫೈರೋಜರ ಕೈಗೆ ಕೊಟ್ಟರು.

“ಐದು. ಕಾಲು ಬಾವು.”

ಗೆರೆ ಮೇಲೆಯೇ ನಿಂತಿತ್ತು. ಬಳಿಗಾರರು ಕಣ್ಣು ತೆರೆದು ತಮ್ಮ ಪಾದಗಳನ್ನು ನೋಡಿಕೊಂಡರು. “ಬರೇ ಬಾವೇನ್ರಿ?” ಗೆರೆ ಇಳಿಯತೊಡಗಿತು.

“ಹದಿಮೂರು, ತುರಿಕಿ. ಹದಿನಾಕು, ನಾಲಿಗಿ ರುಚಿ ಕೆಡೋದು.”

“ಇಕಿ ಅಡಿಗಿ ಉಣ್ಣಾವಂಗ ಅದು ಬರಂಗಿಲ್ಲ ತಗೋರಿ.”

“ಇಪ್ಪತ್ತಮೂರು, ಬೆವರು.”

“ಗದಗಿನ್ಯಾಗ ಅದಕ್ಕೂ ಗುಳಿಗಿ ಬೇಕೇನ್ರಿ?”

“ಮೂವತ್ತು,” ಎಂದರು ಫೈರೋಜ್.

ಗೆರೆ ನೆಟ್ಟಗೆ ಮೇಲಕ್ಕೆದ್ದಿತು. ಬಳಿಗಾರರು ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದು ಬಾಗಿಲ ಕಡೆ ನೋಡಿದರು. “ಅದು ನಂಗ ಗೊತ್ತೈತ್ರಿ. ಓದಬ್ಯಾಡ್ರಿ.”

“ಓದ್ರಿ,” ಎಂದರು ಕಸ್ತೂರೆವ್ವ.

“ಹಸಿವು ಹೆಚ್ಚಾಗೋದು.”

ಗೆರೆ ಒಂದು ಕ್ಷಣ ಗೊತ್ತುಗುರಿ ಇಲ್ಲದವರಂತೆ ಅಲ್ಲೇ ನಿಂತು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹನ್ನೊಂದಕ್ಕೆ ಬಂತು.

“ಏನಂದ್ರಿ?”

“ಹಸಿವ್ರಿ ಕಾಕಾರ. ಹೊಟ್ಟಿ ಹಸಿವು.”

“ಇದನ್ನ ಮುಚ್ಚಿಟ್ಟಿದ್ರಾ?” ಬಳಿಗಾರರು ತಲೆಪಟ್ಟಿ ಸಮೇತ ಎದ್ದು ನಿಂತರು. “ಇದಕ್ಕ ನಾ ಹನ್ನೆರಡು ದಿನಾ ದಿನಕ್ಕೊಮ್ಮೆ ಸತ್ತೀನೇನು? ಹಸಿವಂದ್ರ ಅಂಜಾವ ಯಾವನರ ಅದಾನೇನ್ರಿ?”

ಶಾಲ್ಮಲಿ ಉತ್ತರಕ್ಕಾಗಿ ದಾಖಲೆಯನ್ನೇ ಕೆದಕುತ್ತಿದ್ದರು. ಅಂದಿನ ಪರೀಕ್ಷೆಯ ವೇಳೆ: ಮಧ್ಯಾಹ್ನ ಒಂದು ನಲವತ್ತು. ರೋಗಿಯ ಸ್ಥಿತಿ: ಉಪವಾಸ. “ಮುಂಜಾನಿಯಿಂದ ಉಪವಾಸ ಇದ್ದ ಮನಷ್ಯಾನ ಮುಂದ ಹಸಿವು ಅಂದ್ರ ಮೈ ಹಾರಲಾರದ ಏನ್ ಮಾಡ್ತದ,” ಎಂದು ಮೆಲ್ಲಗೆ ಹೇಳಿ, ಹುಬ್ಬು ತಿಕ್ಕಿಕೊಂಡರು. ಥಟ್ಟನೆ ಏನೋ ಹೊಳೆದು ಕಸ್ತೂರೆವ್ವನ ಕಡೆ ತಿರುಗಿದರು. “ಅಕ್ಕಾರ, ಖರೇ ಹೇಳ್ರಿ. ಇವರಿಗೆ ಹಸಿವು ಹೆಚ್ಚಾಗೇದೇನು?”

“ಮೊದಲ ಮೂರು ರೊಟ್ಟಿ ಉಂತಿದ್ರು. ಈಗ ಆರು.”

“ಮತ್ತ ವರದಿಯೊಳಗ ಒಮ್ಮೆನೂ ಹೇಳಲಿಲ್ಲಲ್ಲ! ಅದಕ್ಕ ಅಲ್ಲೇನು ಬಲ್ಲವರು ಇರೋದು?”

ಕಸ್ತೂರೆವ್ವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಉಣ್ಣೂದನ್ನ ಯಾರರ ಬ್ಯಾನಿ ಅಂತ ಬರಸ್ತಾರೇನ್ರಿ ಬಾಯಾರ?”

ಫೈರೋಜ್ ಮುಖ ತಿರುಗಿಸಿ ಯಂತ್ರದ ವಾಯರನ್ನು ನೋಡತೊಡಗಿದರು. ಅವರ ಭುಜ ಕುಲುಕುತ್ತಿತ್ತು. ಆ ಗುಳಿಗೆ ಆ ಮನುಷ್ಯನಲ್ಲಿ ಮಾಡಿದ್ದ ಅಸಲಿ ಪರಿಣಾಮ ಅದೊಂದೇ, ಯಾರೂ ವರದಿ ಮಾಡದೆ ಇದ್ದದ್ದೂ ಅದೊಂದೇ.

ಪೆಟ್ಟಿಗೆ ತೆರೆಸುವುದು ಸುಲಭವಾಗಲಿಲ್ಲ. ‘ಅಸಲು’ ಎಂದು ಒಮ್ಮೆ ದಾಖಲಾದದ್ದನ್ನು ಅಳಿಸಬೇಕಾದರೆ ಗಣಕ ಕಾರಣ ಕೇಳುತ್ತಿತ್ತು. ಕೊಟ್ಟಿದ್ದ ಎಂಟು ಕಾರಣಗಳಲ್ಲಿ ಇದು ಯಾವುದೂ ಅಲ್ಲ. ಶಾಲ್ಮಲಿ ‘ಇತರೆ’ ಎಂಬುದನ್ನು ಒತ್ತಿ, ‘ರೋಗಿಯು ಖಾಲಿ ಜಾಗವನ್ನು ಓದಿದ್ದಾರೆ’ ಎಂದು ಬರೆದರು. ಗಣಕ ಹತ್ತು ನಿಮಿಷ ಯೋಚಿಸಿತು. ಮೇಲಿನ ಕಚೇರಿಯಿಂದ ಎರಡು ಫೋನು ಬಂದವು. ಎರಡಕ್ಕೂ ಶಾಲ್ಮಲಿ ನಿಂತುಕೊಂಡೇ ಉತ್ತರ ಕೊಟ್ಟರು. ನಾಲ್ಕು ಗಂಟೆಗೆ ಕೆಂಪು ಚುಕ್ಕೆ ಹಸಿರಾಯಿತು. ಶುಕ್ರವಾರಕ್ಕೆ ಇನ್ನೂ ಎರಡು ದಿನವಿತ್ತು.

ಹೊರಡುವಾಗ ಶಾಲ್ಮಲಿ ಕೇಳಿದರು: “ಸರ್, ಮುಂದ ಚೀಟಿಗೆ ಹೊಸಾ ಅಂಕಿ ಹಾಕಿಬಿಟ್ರ? ಒಂದು, ಎರಡು, ಮೂರು ಅಂತ ಸಾಲಾಗಿ. ಬಿಟ್ಟದ್ದು ಯಾರಿಗೂ ಗೊತ್ತಾಗೂದಿಲ್ಲ.”

“ಅದು ತಪ್ಪು ತಿದ್ದಿದಂಗ ಆಗಲಿಲ್ರಿ, ಮುಚ್ಚಿದಂಗ ಆತು,” ಎಂದರು ಬಳಿಗಾರರು. ಸ್ವಲ್ಪ ಯೋಚಿಸಿದರು. “ಹೆಸರು ಹೇಳಬ್ಯಾಡ್ರಿ. ಆದ್ರ ಜಾಗಾ ಖಾಲಿ ಬಿಡಬ್ಯಾಡ್ರಿ. ‘ಇಲ್ಲೊಂದು ಬಿಟ್ಟೇವಿ, ಜೀವಕ್ಕೇನೂ ಇಲ್ಲ’ ಅಂತ ಅಚ್ಚು ಮಾಡ್ರಿ. ಜೀವಕ್ಕ ಇತ್ತಂದ್ರ ಹೆಸರು ಹೇಳೇ ಬಿಡ್ರಿ. ಮತ್ತ ಕೆಳಗ ಬರದವರ ಹೆಸರು ಹಾಕ್ರಿ.”

ಶಾಲ್ಮಲಿ ಅದನ್ನು ಬರೆದುಕೊಂಡರು. ಬರೆದುಕೊಂಡದ್ದನ್ನು ಬಳಿಗಾರರು ತಲೆಕೆಳಗಾಗಿಯೇ ಓದಿ, ಸರಿಯಿದೆ ಎಂದು ತಲೆಯಾಡಿಸಿದರು.

ಕಿವಿಯ ಗುಂಯ್ ಮರುದಿನ ಸಂಜೆಗೆ ನಿಂತಿತು. ಬೆರಳಿನ ಜೋಮು ಇನ್ನೆರಡು ದಿನ ಸತಾಯಿಸಿತು. ಕಣ್ಣು ಯಾವಾಗ ತಿಳಿಯಾಯಿತೋ ಅವರಿಗೇ ಗೊತ್ತಾಗಲಿಲ್ಲ. ಅಷ್ಟು ಹೊತ್ತಿಗೆ ಅವರು ಪೂರ್ತಿ ಚೀಟಿಯನ್ನು ಮುಂದಿಟ್ಟುಕೊಂಡು ತಾಳೆ ನೋಡುವ ಕೆಲಸಕ್ಕೆ ಕುಳಿತಿದ್ದರು. ಮೂಲಪ್ರತಿಯಲ್ಲಿ ಇಲ್ಲದ್ದು ಅಚ್ಚಿನಲ್ಲಿ ಇರಕೂಡದು. ತಮ್ಮ ಕೆಂಪು ಸಾಲುಗಳನ್ನು ಒಂದೊಂದಾಗಿ ಹೊಡೆದು, ಅಂಚಿನಲ್ಲಿ ತೆಗೆದುಹಾಕುವ ಸುರುಳಿ ಗುರುತು ಹಾಕಿ, ಸಹಿ ಮಾಡಿ ತಾರೀಖು ಬರೆದರು. ‘ಹಠಾತ್ ಮರಣ’ಕ್ಕೆ ಮಾತ್ರ ಒಂದು ದಿನ ಹೆಚ್ಚು ಕಾಲಾವಕಾಶ ಕೊಟ್ಟು, ಸೋಮವಾರ ಮುಂಜಾನೆ ಹೊಡೆದುಹಾಕಿದರು. ಕೀಲಿಗೊಂಚಲನ್ನು ಕಪಾಟಿಗೇ ಸಿಕ್ಕಿಸಿ ಬಂದು ತಟ್ಟೆಯ ಮುಂದೆ ಕುಳಿತರು.

ಮೂರು ರೊಟ್ಟಿ ಆಯಿತು. ನಾಲ್ಕನೆಯದಕ್ಕೆ ಚಾಚಿದ ಕೈ ಅರ್ಧದಲ್ಲೇ ನಿಂತಿತು.

“ಕಸ್ತೂರಿ.”

“ಹೇಳ್ರಿ.”

“ನಂಗ ಇನ್ನೂ ಹಸಿವ ಐತಿ. ಇದು ಗುಳಿಗೀದೋ, ಓದಿದ್ದಕ್ಕ ಬಂದದ್ದೋ? ಇಲ್ಲಾ ಬರೇ ಹಸಿವೋ?”

ಕಸ್ತೂರೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಹಿಟ್ಟಿನ ಕೈಯಲ್ಲೇ ಗಂಡನ ಮಣಿಕಟ್ಟು ಹಿಡಿದರು. ಇನ್ನೊಂದು ಕೈ ಮುಂದಿನ ಹಿಟ್ಟಿನುಂಡೆಯನ್ನು ಬಡಿಯುತ್ತಲೇ ಇತ್ತು. ಪೆಟ್ಟಿಗೆ ಪೆಟ್ಟು ಕೂಡಿ ಬರುತ್ತಿತ್ತು. ತುಸು ಹೊತ್ತು ಹಾಗೇ ಹಿಡಿದಿದ್ದು ಬಿಟ್ಟರು. ಮಣಿಕಟ್ಟಿನ ಮೇಲೆ ಮೂರು ಬೆರಳಿನ ಬಿಳಿ ಗುರುತು ಉಳಿಯಿತು.

“ಪೂರಾ ಚೀಟಿ ಈಗ ನಿಮ್ಮ ಕೈಯಾಗ ಐತಿ. ನಾ ಬಲ್ಲಾಕಿ ಅಲ್ಲ, ನನ್ನ ಕೇಳಬ್ಯಾಡ್ರಿ,” ಎಂದು ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿದರು. “ಆರೂದರೊಳಗ ಉಣ್ರಿ.”